ಜಠರದ ಕ್ಯಾನ್ಸರ್: ತಡವಾಗುವುದು ಎಲ್ಲಿ?



ವೈದ್ಯಕೀಯದ ಒಂದು ವಿಷಯವನ್ನು ಕನ್ನಡದಲ್ಲೇ, ವೈದ್ಯರಲ್ಲದವರಿಗೂ ತಿಳಿಯುವ ಹಾಗೆ ಹೇಳಬೇಕು ಎನ್ನುವುದು ಈ ದತ್ತಿ ಉಪನ್ಯಾಸದ ಷರತ್ತು. ವಿಷಯದ ಆಯ್ಕೆಯನ್ನು ಸಂಘಟಕರು ನನಗೇ ಬಿಟ್ಟರು. ಸಕ್ಕರೆ ಕಾಯಿಲೆಯನ್ನೋ ಹೃದಯಾಘಾತವನ್ನೋ ಆರಿಸಿಕೊಂಡಿದ್ದರೆ ಸಭಿಕರಿಗೆ ಹೆಚ್ಚು ಹತ್ತಿರವಾಗುತ್ತಿತ್ತೇನೋ. ಆದರೆ ಹೊಟ್ಟೆಯ ಶಸ್ತ್ರಚಿಕಿತ್ಸೆಯನ್ನೇ ವೃತ್ತಿಯಾಗಿಸಿಕೊಂಡ ನನಗೆ ಬಹಳ ಕಾಲದಿಂದ ಒಂದು ಮಾತು ಹೇಳಬೇಕಾಗಿತ್ತು. ಜಠರದ ಕ್ಯಾನ್ಸರ್ ಆದವರು ನಮ್ಮ ಹತ್ತಿರ ಬರುವ ಹೊತ್ತಿಗೆ ಬಹುಪಾಲು ಮಂದಿಯಲ್ಲಿ ರೋಗ ಮುಂದುವರಿದಿರುತ್ತದೆ. ಅದು ಮುಂದುವರಿಯುತ್ತಿದ್ದ ತಿಂಗಳುಗಳಲ್ಲಿ ಅವರು ಸುಮ್ಮನೆ ಕೂತಿರುವುದಿಲ್ಲ, ಮಾತ್ರೆ ನುಂಗುತ್ತಿರುತ್ತಾರೆ. ಆ ತಿಂಗಳುಗಳನ್ನು ಕಡಿಮೆ ಮಾಡಲು ನಾವು ನೀವು ಏನು ಮಾಡಬಹುದು ಎನ್ನುವುದೇ ಇವತ್ತಿನ ನನ್ನ ಮಾತು.

ಮೊದಲು ಲೆಕ್ಕ. ಲೋಕದ ಕ್ಯಾನ್ಸರ್ ಅಂಕಿಅಂಶಗಳನ್ನು ಕಲೆಹಾಕುವ ಗ್ಲೋಬೊಕ್ಯಾನ್ ವರದಿಯಂತೆ 2022ರಲ್ಲಿ ಸುಮಾರು 9.7 ಲಕ್ಷ ಮಂದಿಗೆ ಹೊಸದಾಗಿ ಜಠರದ ಕ್ಯಾನ್ಸರ್ ಪತ್ತೆಯಾಯಿತು, 6.6 ಲಕ್ಷ ಮಂದಿ ಅದರಿಂದ ತೀರಿಕೊಂಡರು. ಹೊಸ ರೋಗಿಗಳ ಲೆಕ್ಕದಲ್ಲೂ ಸಾವಿನ ಲೆಕ್ಕದಲ್ಲೂ ಅದಕ್ಕೆ ಐದನೆಯ ಸ್ಥಾನ. ಭಾರತದ ಮಟ್ಟಿಗೆ 2020ರ ವರದಿ ಕೊಡುವ ಅಂದಾಜು ಹೀಗಿದೆ: ಹೊಸ ರೋಗಿಗಳು ಸುಮಾರು 60 ಸಾವಿರ, ಸಾವು ಸುಮಾರು 53 ಸಾವಿರ. ಈ ಎರಡು ಸಂಖ್ಯೆಗಳು ಎಷ್ಟು ಹತ್ತಿರ ಇವೆ ನೋಡಿ. ಅದೇ ವರ್ಷ ಜಪಾನಿನಲ್ಲಿ ಹೊಸ ರೋಗಿಗಳು 1.38 ಲಕ್ಷ, ಸಾವು 50 ಸಾವಿರಕ್ಕೂ ಕಡಿಮೆ. ನಮಗೆ ಸಿಗದ ಯಾವುದೋ ಔಷಧಿ ಅವರಿಗೆ ಸಿಕ್ಕಿದ್ದರಿಂದ ಹೀಗಾಗಿಲ್ಲ. ಅವರಲ್ಲಿ ರೋಗ ಬೇಗ ಕಣ್ಣಿಗೆ ಬೀಳುತ್ತದೆ. ಇದೇ ಮುಖ್ಯ ಕಾರಣ.

ನಮ್ಮ ದೇಶದಲ್ಲಿ ಕ್ಯಾನ್ಸರಿನ ಲೆಕ್ಕ ಇಡುವ ರಾಷ್ಟ್ರೀಯ ಕಾರ್ಯಕ್ರಮ 1982ರಲ್ಲಿ ಬೆಂಗಳೂರು, ಮುಂಬೈ ಮತ್ತು ಚೆನ್ನೈ ನಗರಗಳಲ್ಲಿ ಶುರುವಾಯಿತು. ಬೆಂಗಳೂರಿನಲ್ಲಿ ಅದನ್ನು ವಹಿಸಿಕೊಂಡದ್ದು ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆ. ಈ ಲೆಕ್ಕಗಳಲ್ಲಿ ಒಂದು ವಿಷಯ ಎದ್ದು ಕಾಣುತ್ತಿತ್ತು: ಜಠರದ ಕ್ಯಾನ್ಸರ್ ಮುಂಬೈ, ದೆಹಲಿಗಳಿಗಿಂತ ಬೆಂಗಳೂರು, ಚೆನ್ನೈಗಳಲ್ಲಿ ಹೆಚ್ಚು. ದೇಶದಲ್ಲೆಲ್ಲ ಅತಿ ಹೆಚ್ಚು ಇರುವುದು ಈಶಾನ್ಯದ ಮಿಜೋರಾಂನಲ್ಲಿ. ಅದರ ವಿಚಾರ ಮುಂದೆ ಬರುತ್ತದೆ. ದಕ್ಷಿಣದವರಾದ ನಾವು ಇದು ನಮ್ಮ ರೋಗವಲ್ಲ ಎಂದುಕೊಳ್ಳುವಂತಿಲ್ಲ.

ಜಠರದ ಗೋಡೆಯಲ್ಲಿ ಹಲವು ಪದರಗಳಿವೆ. ತೀರ ಒಳಗಿನದು ಲೋಳೆಪೊರೆ. ಆಮ್ಲ ಸ್ರವಿಸುವುದು, ಆ ಆಮ್ಲದಿಂದ ತನ್ನನ್ನು ಕಾಯ್ದುಕೊಳ್ಳುವುದು ಎರಡೂ ಅದರದೇ ಕೆಲಸ. ಅದರ ಕೆಳಗೆ ರಕ್ತನಾಳ, ದುಗ್ಧನಾಳಗಳಿರುವ ಮೆತ್ತನೆಯ ಪದರ, ಅದರಾಚೆ ಸ್ನಾಯು, ಕೊನೆಗೆ ತೆಳುವಾದ ಹೊರಹೊದಿಕೆ. ಕ್ಯಾನ್ಸರ್ ಹುಟ್ಟುವುದು ಲೋಳೆಪೊರೆಯಲ್ಲಿ. ಮನೆಯ ಗೋಡೆಯಲ್ಲಿ ತೇವ ಗಾರೆಯ ಮಟ್ಟದಲ್ಲೇ ಇದ್ದಾಗ ಅಷ್ಟನ್ನು ಕೆರೆದು ತೆಗೆದರೆ ಸಾಕು, ಇಟ್ಟಿಗೆಗೆ ಇಳಿದ ಮೇಲೆ ಗೋಡೆಯನ್ನೇ ಒಡೆಯಬೇಕು. ಇಲ್ಲಿಯೂ ಹಾಗೆಯೇ. ಲೋಳೆಪೊರೆ ಮತ್ತು ಅದರ ಕೆಳಗಿನ ಮೆತ್ತನೆಯ ಪದರ ದಾಟದ ಗೆಡ್ಡೆಯನ್ನು ಜಪಾನಿನ ವೈದ್ಯರು 1962ರಲ್ಲಿ ‘ಆರಂಭಿಕ ಜಠರ ಕ್ಯಾನ್ಸರ್’ ಎಂದು ಪ್ರತ್ಯೇಕವಾಗಿ ಗುರುತಿಸಿದರು. ಆ ಹಂತದಲ್ಲಿ ಚಿಕಿತ್ಸೆ ಸಿಕ್ಕರೆ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಮಂದಿ ಐದು ವರ್ಷ ದಾಟಿ ಬದುಕುತ್ತಾರೆ. ಯಕೃತ್ತಿಗೋ ಹೊಟ್ಟೆಯ ಒಳಪರದೆಗೋ ಹರಡಿದ ಮೇಲೆ ಬಂದವರಲ್ಲಿ ಹಾಗೆ ಬದುಕುವವರು ಬೆರಳೆಣಿಕೆಯಷ್ಟು.

ಈಗ ಲಕ್ಷಣಗಳ ವಿಚಾರ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ತಡವಾಗುವುದು ಇಲ್ಲೇ.

ಆರಂಭದ ಜಠರ ಕ್ಯಾನ್ಸರಿಗೆ ತನ್ನದೇ ಎನ್ನುವ ಲಕ್ಷಣವಿಲ್ಲ. ಎಷ್ಟೋ ಮಂದಿಗೆ ಏನೂ ಗೊತ್ತಾಗುವುದಿಲ್ಲ. ಗೊತ್ತಾದರೂ ಅದು ಹೊಟ್ಟೆಯ ಮೇಲ್ಭಾಗದಲ್ಲಿ ಭಾರ, ಹುಳಿತೇಗು, ಉಬ್ಬರ, ಊಟವಾದ ಮೇಲೆ ಒಂದು ಬಗೆಯ ಇರಿಸುಮುರಿಸು. ಇವು ನಮ್ಮ ನಿಮ್ಮೆಲ್ಲರಿಗೂ ಮದುವೆಮನೆಯ ಊಟದ ಮರುದಿನ ಆಗುವಂಥವೇ. ಮನೆಯವರು ಜೀರಿಗೆ ಕಷಾಯ ಮಾಡಿಕೊಡುತ್ತಾರೆ, ಓಂಕಾಳು ಅಗಿಯಲು ಹೇಳುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ನೂರು ಜನರಿಗೆ ಹೀಗಾದರೆ ತೊಂಬತ್ತೆಂಟು ತೊಂಬತ್ತೊಂಬತ್ತು ಮಂದಿಗೆ ಅದು ಸಾಧಾರಣ ಅಜೀರ್ಣವೇ ಆಗಿರುತ್ತದೆ. ಕಷಾಯಕ್ಕೆ ಬಗ್ಗದಿದ್ದಾಗ ಮುಂದಿನ ಹೆಜ್ಜೆ ಮೆಡಿಕಲ್ ಶಾಪು. ‘ಗ್ಯಾಸ್ಟ್ರಿಕ್ ಆಗಿದೆ, ಏನಾದರೂ ಕೊಡಿ’ ಎಂದರೆ ಪ್ಯಾಂಟೊಪ್ರಜೋಲ್ ಅಥವಾ ಒಮೆಪ್ರಜೋಲ್ ಗುಂಪಿನ ಮಾತ್ರೆ ಕೈಗೆ ಬರುತ್ತದೆ. ನಾಲ್ಕು ದಿನದಲ್ಲಿ ಆರಾಮ. ತಿಂಗಳು ಬಿಟ್ಟು ಮತ್ತೆ ಅದೇ ತೊಂದರೆ, ಮತ್ತೆ ಅದೇ ಮಾತ್ರೆ.

ಈ ಆರಾಮ ಯಾಕೆ ಅಪಾಯಕಾರಿ ಎನ್ನುವುದನ್ನು ದಯವಿಟ್ಟು ಗಮನವಿಟ್ಟು ಕೇಳಿ. ಈ ಮಾತ್ರೆಗಳು ಜಠರದಲ್ಲಿ ಆಮ್ಲದ ಉತ್ಪತ್ತಿಯನ್ನು ತೀವ್ರವಾಗಿ ತಗ್ಗಿಸುತ್ತವೆ. ಕ್ಯಾನ್ಸರ್ ಗೆಡ್ಡೆಯ ಮೇಲೆ ಹುಣ್ಣಾಗಿದ್ದರೆ, ಆಮ್ಲ ಕಡಿಮೆಯಾದಾಗ ಆ ಹುಣ್ಣು ಮೇಲ್ನೋಟಕ್ಕೆ ಮಾಯಲೂ ಬಹುದು. ನೋವು ಹೋಗುತ್ತದೆ, ಗೆಡ್ಡೆ ಉಳಿಯುತ್ತದೆ. ‘ಮಾತ್ರೆಯಲ್ಲಿ ವಾಸಿಯಾಯಿತು, ಅಂದಮೇಲೆ ಬರೀ ಗ್ಯಾಸ್ಟ್ರಿಕ್ಕೇ ಇರಬೇಕು’ ಎನ್ನುವ ತರ್ಕ ಇಲ್ಲಿ ನಿಲ್ಲುವುದಿಲ್ಲ. ಮಾತ್ರೆ ಒಳ್ಳೆಯದೇ, ಹುಣ್ಣಿನಿಂದ ರಕ್ತ ಸೋರಿ ಸಾಯುತ್ತಿದ್ದ ಎಷ್ಟೋ ಜನರನ್ನು ಅದು ಉಳಿಸಿದೆ. ಒಳಗೆ ಏನಿದೆಯೆಂದು ಒಮ್ಮೆಯೂ ನೋಡದೆ ಅದನ್ನು ತಿಂಗಳುಗಟ್ಟಲೆ ಮುಂದುವರಿಸುವುದಕ್ಕಷ್ಟೇ ನನ್ನ ವಿರೋಧ.

ಹಾಗಾದರೆ ಯಾವಾಗ ಕಷಾಯ, ಮಾತ್ರೆ ಬಿಟ್ಟು ವೈದ್ಯರ ಬಳಿ ಹೋಗಬೇಕು? ಕೆಲವು ಚಿಹ್ನೆಗಳನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಎರಡು ಮುದ್ದೆ ಉಣ್ಣುತ್ತಿದ್ದವರಿಗೆ ಅರ್ಧ ಮುದ್ದೆಗೇ ಹೊಟ್ಟೆ ತುಂಬಿದಂತಾಗುವುದು. ಪಥ್ಯವಿಲ್ಲದೆ ಮೈ ಇಳಿಯುವುದು, ಅಂಗಿಯ ಕಾಲರು ಸಡಿಲವಾಗುವುದು, ಬೆಲ್ಟಿಗೆ ಹೊಸ ತೂತು ಬೇಕಾಗುವುದು. ಸಂಜೆ ವಾಂತಿಯಾದಾಗ ಬೆಳಗಿನ ಊಟ ಹಾಗೇ ಬರುವುದು; ಜಠರದ ಹೊರದಾರಿ ಕಟ್ಟಿಕೊಳ್ಳುತ್ತಿದೆ ಎನ್ನುವುದರ ಸೂಚನೆ ಅದು. ಅನ್ನ, ರೊಟ್ಟಿ ನುಂಗುವಾಗ ಎದೆಯ ಕೆಳಗೆ ಸಿಕ್ಕಿಕೊಂಡಂತಾಗುವುದು. ವಾಂತಿಯಲ್ಲಿ ರಕ್ತ, ಅಥವಾ ಕಾಫಿಪುಡಿಯ ಗಷ್ಟಿನಂಥ ಕಪ್ಪು ಪದಾರ್ಥ. ಮಲ ಡಾಂಬರಿನ ಹಾಗೆ ಕಪ್ಪಾಗಿ, ಅಂಟಂಟಾಗಿ, ಕೆಟ್ಟ ನಾತ ಹೊಡೆಯುವುದು. ಕಬ್ಬಿಣದ ಮಾತ್ರೆ ತಿನ್ನುವವರಿಗೂ ಮಲ ಕಪ್ಪಾಗುತ್ತದೆ, ಅದಕ್ಕೆ ಹೆದರಬೇಕಿಲ್ಲ. ಆದರೆ ಕಬ್ಬಿಣದ ಮಾತ್ರೆಯನ್ನೇ ಯಾಕೆ ಬರೆದುಕೊಟ್ಟರು ಎಂದು ಕೇಳಬೇಕು.

ಈ ಕೊನೆಯ ಮಾತನ್ನು ಬಿಡಿಸಿ ಹೇಳುತ್ತೇನೆ. ರಕ್ತ ಒಂದೇ ಸಲ ಸುರಿಯಬೇಕೆಂದಿಲ್ಲ. ದಿನಕ್ಕೆ ಒಂದೆರಡು ಚಮಚದಷ್ಟು ಸೋರಿದರೆ ಮಲದ ಬಣ್ಣವೂ ಬದಲಾಗುವುದಿಲ್ಲ, ಆದರೆ ತಿಂಗಳುಗಳಲ್ಲಿ ಹಿಮೋಗ್ಲೋಬಿನ್ ಇಳಿಯುತ್ತದೆ. ಮೆಟ್ಟಿಲು ಹತ್ತಿದರೆ ಏದುಸಿರು, ಮುಖ ಬಿಳಿಚಿಕೊಳ್ಳುವುದು, ಸುಸ್ತು. ಮುಟ್ಟಾಗುವ ವಯಸ್ಸಿನ ಹೆಣ್ಣುಮಕ್ಕಳಲ್ಲಿ ರಕ್ತಹೀನತೆಗೆ ಬೇರೆ ಕಾರಣಗಳಿರಬಹುದು. ಗಂಡಸರಿಗೆ, ಮುಟ್ಟು ನಿಂತ ಹೆಂಗಸರಿಗೆ ಕಬ್ಬಿಣದ ಕೊರತೆಯಿಂದ ರಕ್ತಹೀನತೆಯಾದರೆ ರಕ್ತ ಎಲ್ಲಿಂದಲೋ ಹೋಗುತ್ತಿದೆ ಎಂದೇ ತಿಳಿಯಬೇಕು. ಮೇಲಿನಿಂದಲೂ ಕೆಳಗಿನಿಂದಲೂ, ಅಂದರೆ ಜಠರ ಮತ್ತು ದೊಡ್ಡಕರುಳು ಎರಡನ್ನೂ ನೋಡಬೇಕು. ‘ವಯಸ್ಸಾಯಿತು, ರಕ್ತ ಕಡಿಮೆ ಇರುತ್ತೆ, ಟಾನಿಕ್ ಕುಡೀರಿ’ ಎಂದು ಅಜ್ಜನನ್ನು ಸಮಾಧಾನ ಮಾಡಿ ಕಳಿಸುವ ಪದ್ಧತಿ ನಿಲ್ಲಬೇಕು. ವಯಸ್ಸಾದ ಮಾತ್ರಕ್ಕೆ ಯಾರಿಗೂ ಕಬ್ಬಿಣದ ಅಂಶ ಬತ್ತುವುದಿಲ್ಲ.

ಇನ್ನು ಮುಂದುವರಿದ ರೋಗದ ಲಕ್ಷಣಗಳು: ಕೈಗೆ ಸಿಗುವ ಗೆಡ್ಡೆ, ಹೊಟ್ಟೆಯಲ್ಲಿ ನೀರು, ಕಾಮಾಲೆ, ಎಡ ಕತ್ತಿನ ಬುಡದಲ್ಲಿ ಗಂಟು. ಕೆಲವರಿಗೆ ಕಾರಣವಿಲ್ಲದೆ ರಕ್ತನಾಳಗಳಲ್ಲಿ ಹೆಪ್ಪುಗಟ್ಟುತ್ತದೆ. ಈ ಸಂಬಂಧವನ್ನು ಮೊದಲು ಗುರುತಿಸಿದವನು ಪ್ಯಾರಿಸ್ಸಿನ ವೈದ್ಯ ಅರ್ಮಾನ್ ತ್ರೂಸೋ. 1867ರಲ್ಲಿ ತನ್ನ ತೋಳಿನ ರಕ್ತನಾಳವೇ ಹಾಗೆ ಗಟ್ಟಿಯಾದಾಗ ತನಗೆ ಉಳಿಗಾಲವಿಲ್ಲ ಎಂದು ಅವನು ಅರಿತ. ಅದೇ ವರ್ಷ ಜಠರದ ಕ್ಯಾನ್ಸರಿನಿಂದ ತೀರಿಕೊಂಡ. ಈ ಲಕ್ಷಣಗಳ ಮೇಲೆ ಹೆಚ್ಚು ಹೊತ್ತು ಕಳೆಯುವುದಿಲ್ಲ. ಇವು ಕಾಣುವವರೆಗೆ ಕಾಯಬಾರದು ಎನ್ನುವುದೇ ನನ್ನ ಮಾತು.

ರೋಗ ಬರುವುದೇಕೆ? ಅತಿ ದೊಡ್ಡ ಕಾರಣ ಒಂದು ಬ್ಯಾಕ್ಟೀರಿಯಾ, ಹೆಲಿಕೊಬ್ಯಾಕ್ಟರ್ ಪೈಲೋರಿ. ಸುರುಳಿಯಾಕಾರದ ಜೀವಿ. ಜಠರದ ಆಮ್ಲದಲ್ಲಿ ಯಾವ ಜೀವಿಯೂ ಬದುಕಲಾರದು ಎಂದು ವೈದ್ಯಲೋಕ ನಂಬಿದ್ದ ಕಾಲದಲ್ಲಿ ಆಸ್ಟ್ರೇಲಿಯಾದ ಪರ್ತ್ ನಗರದ ರಾಬಿನ್ ವಾರೆನ್ ಎಂಬ ರೋಗಶಾಸ್ತ್ರಜ್ಞರು ಪರೀಕ್ಷೆಗೆಂದು ಜಠರದಿಂದ ತೆಗೆದ ಬಯಾಪ್ಸಿ ತುಣುಕುಗಳಲ್ಲಿ ಅದನ್ನು ಮತ್ತೆ ಮತ್ತೆ ಕಂಡರು. ಬ್ಯಾರಿ ಮಾರ್ಷಲ್ ಎಂಬ ಯುವ ವೈದ್ಯರು ಜೊತೆಗೂಡಿದರು. ಅದನ್ನು ಪ್ರಯೋಗಾಲಯದಲ್ಲಿ ಬೆಳೆಸುವ ಯತ್ನಗಳು ಒಂದಾದ ಮೇಲೊಂದು ಸೋತವು. ಎರಡು ದಿನ ಕಾದು ತಟ್ಟೆಗಳನ್ನು ಎಸೆದುಬಿಡುವುದು ಅಲ್ಲಿಯ ರೂಢಿಯಾಗಿತ್ತು. 1982ರ ಈಸ್ಟರ್ ರಜೆಯಲ್ಲಿ ತಟ್ಟೆಗಳು ಐದು ದಿನ ಹಾಗೇ ಉಳಿದವು, ಬ್ಯಾಕ್ಟೀರಿಯಾ ಬೆಳೆದಿತ್ತು! ಆದರೂ ಯಾರೂ ನಂಬಲಿಲ್ಲ. 1984ರಲ್ಲಿ ಮಾರ್ಷಲ್ ಆ ಬ್ಯಾಕ್ಟೀರಿಯಾ ತುಂಬಿದ ದ್ರವವನ್ನು ತಾವೇ ಕುಡಿದರು. ಕೆಲವೇ ದಿನಗಳಲ್ಲಿ ಓಕರಿಕೆ, ವಾಂತಿ. ಎಂಡೋಸ್ಕೋಪಿ ಮಾಡಿ, ಅಂದರೆ ಬಾಯಿಯಿಂದ ನಳಿಗೆ ಇಳಿಸಿ ನೋಡಿದರೆ ಜಠರದ ತುಂಬ ಉರಿಯೂತ. 1994ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಈ ಬ್ಯಾಕ್ಟೀರಿಯಾವನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತವಾದ ಕಾರಣಗಳ ಮೊದಲ ಗುಂಪಿಗೆ ಸೇರಿಸಿತು. 2005ರಲ್ಲಿ ವಾರೆನ್ ಮತ್ತು ಮಾರ್ಷಲ್ ಇಬ್ಬರಿಗೂ ನೊಬೆಲ್ ಬಂತು.

ಈ ಸೋಂಕು ಹೆಚ್ಚಾಗಿ ಬಾಲ್ಯದಲ್ಲೇ, ಮನೆಯೊಳಗೇ, ಕಲುಷಿತ ನೀರು ಆಹಾರಗಳಿಂದಲೋ ಹತ್ತಿರದ ಒಡನಾಟದಿಂದಲೋ ಅಂಟುತ್ತದೆ. ಔಷಧಿ ಕೊಡದಿದ್ದರೆ ಹೆಚ್ಚಿನವರಲ್ಲಿ ಜೀವಮಾನವಿಡೀ ಇರುತ್ತದೆ. ಲೋಳೆಪೊರೆಯಲ್ಲಿ ದೀರ್ಘಕಾಲದ ಉರಿಯೂತ, ನಂತರ ಪೊರೆ ಸವೆಯುವುದು, ನಂತರ ಜಠರದ ಪೊರೆಯೇ ಕರುಳಿನ ಪೊರೆಯ ಸ್ವರೂಪಕ್ಕೆ ತಿರುಗುವುದು, ಆಮೇಲೆ ಕೋಶಗಳ ವಿಕಾರ, ಕೊನೆಗೆ ಕ್ಯಾನ್ಸರ್. ಕೊಲಂಬಿಯಾ ಮೂಲದ ಪೆಲಾಯೊ ಕೊರ್ರೆಯಾ ಗುರುತಿಸಿದ ಈ ಸರಣಿ ಮುಗಿಯಲು ಹಲವು ದಶಕಗಳೇ ಬೇಕು. ಹಲವು ದಶಕ ಎಂದರೆ ತಡೆಯಲು ನಮಗೆ ಅಷ್ಟು ಕಾಲ ಸಿಗುತ್ತದೆ ಎಂದು ಅರ್ಥ. 2001ರಲ್ಲಿ ಜಪಾನಿನ ಉಯೆಮುರಾ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿ ಸೋಂಕಿದ್ದ 1246 ಮಂದಿಯನ್ನೂ ಸೋಂಕಿಲ್ಲದ 280 ಮಂದಿಯನ್ನೂ ಸರಾಸರಿ ಎಂಟು ವರ್ಷದ ಹತ್ತಿರ ಗಮನಿಸಿದ್ದರು. ಸೋಂಕಿದ್ದವರಲ್ಲಿ 36 ಮಂದಿಗೆ ಕ್ಯಾನ್ಸರ್ ಬಂತು, ಸೋಂಕಿಲ್ಲದವರಲ್ಲಿ ಒಬ್ಬರಿಗೂ ಬರಲಿಲ್ಲ.

ಹಾಗೆಂದು ಸೋಂಕು ಇದೆಯೆಂದು ತಿಳಿದ ಕೂಡಲೇ ಕ್ಯಾನ್ಸರ್ ಬಂದೇಬಿಟ್ಟಿತು ಎಂದು ಕಂಗಾಲಾಗಬೇಡಿ. ಭಾರತದ ವಯಸ್ಕರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಈ ಸೋಂಕಿದೆ, ಕ್ಯಾನ್ಸರ್ ಬರುವುದು ಅವರಲ್ಲಿ ಕೆಲವೇ ಮಂದಿಗೆ. ಬ್ಯಾಕ್ಟೀರಿಯಾದ ತಳಿ, ಸೋಂಕಿದವರ ದೇಹಪ್ರಕೃತಿ, ಅವರ ಊಟ, ತಂಬಾಕು ಇವೆಲ್ಲ ಕೂಡಿ ಅದನ್ನು ನಿರ್ಧರಿಸುತ್ತವೆ.

ಊಟದ ವಿಚಾರಕ್ಕೆ ಬಂದರೆ ನಮ್ಮವರು ಮೊದಲು ಕೇಳುವುದು ಖಾರದ ಬಗ್ಗೆ. ‘ಗುಂಟೂರು ಮೆಣಸಿನಕಾಯಿ ತಿಂದು ಹೀಗಾಯ್ತಾ ಡಾಕ್ಟ್ರೇ?’ ಖಾರದಿಂದ ಹೊಟ್ಟೆ ಉರಿಯಬಹುದು, ಆದರೆ ಕ್ಯಾನ್ಸರಿಗೆ ಖಾರವೇ ಕಾರಣ ಎನ್ನಲು ಗಟ್ಟಿ ಆಧಾರವಿಲ್ಲ. ಅಪರಾಧಿ ಉಪ್ಪು. ಅತಿಯಾದ ಉಪ್ಪು ಲೋಳೆಪೊರೆಯನ್ನು ಕೆಡಿಸುತ್ತದೆ, ಬ್ಯಾಕ್ಟೀರಿಯಾಕ್ಕೆ ಅನುಕೂಲ ಮಾಡಿಕೊಡುತ್ತದೆ. ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಟೀ ಚಮಚದಷ್ಟು ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ನಾವು ತಿನ್ನುವುದು ಅದಕ್ಕಿಂತ ಬಹಳ ಹೆಚ್ಚು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ, ಕರಾವಳಿಯ ಒಣಮೀನು ಇವನ್ನು ಬಿಟ್ಟೇಬಿಡಿ ಎಂದು ನಾನು ಹೇಳುವುದಿಲ್ಲ, ಹೇಳಿದರೂ ನೀವು ಬಿಡುವವರಲ್ಲ. ಎಲೆಯ ತುದಿಗೆ ಬಡಿಸುವ ಪದಾರ್ಥ ಎಲೆಯ ತುದಿಯಲ್ಲೇ ಇರಲಿ. ಮೊಸರನ್ನಕ್ಕೆ ದಿನವೂ ಎರಡು ಹೊತ್ತು ಉಪ್ಪಿನಕಾಯಿ ಬೇಡ.

ಮಿಜೋರಾಂನ ಉದಾಹರಣೆ ಇಲ್ಲಿ ಪಾಠ ಹೇಳುತ್ತದೆ. ಅಲ್ಲಿ ಮಾಂಸವನ್ನು ಒಲೆಯ ಮೇಲೆ ಹೊಗೆಯಲ್ಲಿ ಒಣಗಿಸಿ ಇಡುವ ರೂಢಿ ಇದೆ. ‘ಸಾ-ಉಮ್’ ಎನ್ನುವ ಹುದುಗಿಸಿದ ಹಂದಿಕೊಬ್ಬು ಅಡುಗೆಯಲ್ಲಿ ನಿತ್ಯ ಬಳಕೆ. ಅದಕ್ಕಿಂತ ವಿಶೇಷ ‘ತುಯಿಬುರ್’: ತಂಬಾಕಿನ ಹೊಗೆಯನ್ನು ನೀರಿನಲ್ಲಿ ಹಾಯಿಸಿ, ಆ ನೀರನ್ನು ಬಾಯಲ್ಲಿ ಇಟ್ಟುಕೊಳ್ಳುವ ಚಟ. ಅಲ್ಲಿ ನಡೆದ ಅಧ್ಯಯನಗಳಲ್ಲಿ ಈ ಮೂರಕ್ಕೂ ಜಠರದ ಕ್ಯಾನ್ಸರಿಗೂ ನಂಟು ಕಂಡಿತು. ನಮ್ಮಲ್ಲಿ ತುಯಿಬುರ್ ಇಲ್ಲ, ಬೀಡಿ, ಸಿಗರೇಟು, ಗುಟ್ಕಾ ಇವೆ. ತಂಬಾಕು ಎಂದರೆ ಬಾಯಿ, ಶ್ವಾಸಕೋಶ ಎಂದಷ್ಟೇ ನೆನಪಾಗುತ್ತದೆ. ಸೇದುವವರಲ್ಲಿ ಜಠರದ ಕ್ಯಾನ್ಸರ್ ಕೂಡ ಹೆಚ್ಚು.

ಊಟದ ರೀತಿ ಬದಲಾದರೆ ರೋಗವೂ ಬದಲಾಗುತ್ತದೆ ಎನ್ನುವುದಕ್ಕೆ ಚರಿತ್ರೆಯಲ್ಲೇ ಪುರಾವೆ ಇದೆ. 1930ರ ದಶಕದ ಅಮೆರಿಕದಲ್ಲಿ ಕ್ಯಾನ್ಸರ್ ಸಾವುಗಳಲ್ಲಿ ಜಠರದ ಕ್ಯಾನ್ಸರಿನದೇ ಮೇಲುಗೈ. ಇಂದು ಅಲ್ಲಿ ಅದು ಮೊದಲ ಹತ್ತರಲ್ಲೂ ಇಲ್ಲ. ಮನೆಮನೆಗೆ ಫ್ರಿಜ್ ಬಂತು, ಉಪ್ಪು ಹಾಕಿ ಹೊಗೆಯಾಡಿಸಿ ಇಡುವ ಅಗತ್ಯ ತಪ್ಪಿತು, ವರ್ಷವಿಡೀ ತಾಜಾ ತರಕಾರಿ ಹಣ್ಣು ಸಿಗುವಂತಾಯಿತು, ನೀರು ಶುದ್ಧವಾಯಿತು, ಸೋಂಕು ತಗ್ಗಿತು. ಯಾವ ಸರಕಾರವೂ ಇದಕ್ಕೆಂದೇ ಯೋಜನೆ ಹಾಕಿರಲಿಲ್ಲ. ಜಪಾನಿನಿಂದ ಹವಾಯಿಗೆ ಹೋಗಿ ನೆಲೆಸಿದವರ ಮಕ್ಕಳಲ್ಲಿ ಈ ರೋಗ ತಂದೆತಾಯಿಯರಿಗಿಂತ ಕಡಿಮೆಯಾದದ್ದೂ ದಾಖಲಾಗಿದೆ.

ವಂಶದ ಪಾತ್ರವನ್ನೂ ಹೇಳಬೇಕು. ತಂದೆ, ತಾಯಿ, ಒಡಹುಟ್ಟಿದವರು ಇವರಲ್ಲಿ ಯಾರಿಗಾದರೂ ಜಠರದ ಕ್ಯಾನ್ಸರ್ ಆಗಿದ್ದರೆ ನಿಮಗೆ ಬರುವ ಸಂಭವ ಉಳಿದವರಿಗಿಂತ ಎರಡು ಮೂರು ಪಟ್ಟು. ತೀರ ಕೆಲವು ಕುಟುಂಬಗಳಲ್ಲಿ ಒಂದೇ ವಂಶವಾಹಿಯ ದೋಷ ತಲೆಮಾರುಗಳನ್ನು ಕಾಡುತ್ತದೆ. ನ್ಯೂಜಿಲೆಂಡಿನ ಒಂದು ಮಾವೋರಿ ಕುಟುಂಬದಲ್ಲಿ ಹರೆಯದವರೂ ಸೇರಿ ಹಲವರು ಹೀಗೆ ಸಾಯುತ್ತಿದ್ದರು. ಆ ಕುಟುಂಬದವರೇ ಒಟಾಗೊ ವಿಶ್ವವಿದ್ಯಾಲಯದ ವಿಜ್ಞಾನಿಗಳ ಜೊತೆ ಕೂಡಿದರು. ಪ್ಯಾರಿ ಗಿಲ್ಫರ್ಡ್ ಅವರ ತಂಡ 1998ರಲ್ಲಿ ಸಿಡಿಎಚ್1 ಎಂಬ ವಂಶವಾಹಿಯಲ್ಲಿ ಕಾರಣವನ್ನು ಕಂಡುಹಿಡಿಯಿತು. ಆ ದೋಷ ಇರುವವರು ರೋಗ ಬರುವ ಮೊದಲೇ ಜಠರವನ್ನು ತೆಗೆಸಿಕೊಂಡು ಬದುಕುತ್ತಿದ್ದಾರೆ. ಆ ಕುಟುಂಬದ ಧೈರ್ಯವನ್ನು ನಾನು ಬಹಳ ಗೌರವಿಸುತ್ತೇನೆ. ನಮ್ಮಲ್ಲಿ ಅಪ್ಪ ಯಾವ ಕಾಯಿಲೆಯಿಂದ ಹೋದರು ಎಂದು ಕೇಳಿದರೆ ‘ಹೊಟ್ಟೆನೋವು’ ಎಂದು ಮಾತು ಮುಗಿಸುವವರೇ ಹೆಚ್ಚು. ಕ್ಯಾನ್ಸರ್ ಎಂದರೆ ಮಗಳ ಮದುವೆಗೆ ತೊಡಕು ಎಂಬ ಭಯ. ಮುಚ್ಚಿಟ್ಟ ಆ ಮಾಹಿತಿ ಮಕ್ಕಳ ಜೀವ ಉಳಿಸಬಹುದಾಗಿತ್ತು.

ಈಗ ತಪಾಸಣೆ. ಜಪಾನಿನಲ್ಲಿ 1950ರಲ್ಲಿ ಉಜಿ ತಾತ್ಸುರೊ ಎಂಬ ಶಸ್ತ್ರವೈದ್ಯರು ಒಲಿಂಪಸ್ ಕಂಪನಿಯ ಎಂಜಿನಿಯರುಗಳ ಜೊತೆ ಸೇರಿ ಜಠರದೊಳಗೆ ಇಳಿಸಿ ಫೋಟೊ ತೆಗೆಯುವ ಪುಟ್ಟ ಕ್ಯಾಮರಾ ತಯಾರಿಸಿದರು. ಅರವತ್ತರ ದಶಕದಲ್ಲಿ ಬೇರಿಯಂ ದ್ರಾವಣ ಕುಡಿಸಿ ಜಠರದ ಚಿತ್ರ ತೆಗೆಯುವ ಎಕ್ಸ್‌ರೇ ಯಂತ್ರ ಹೊತ್ತ ಬಸ್ಸುಗಳು ಅಲ್ಲಿನ ಊರೂರಿಗೆ ಹೋದವು, 1983ರಲ್ಲಿ 40 ದಾಟಿದವರ ತಪಾಸಣೆ ಕಾನೂನಿನ ಭಾಗವಾಯಿತು. ದಕ್ಷಿಣ ಕೊರಿಯಾ 1999ರಲ್ಲಿ ರಾಷ್ಟ್ರೀಯ ತಪಾಸಣಾ ಕಾರ್ಯಕ್ರಮ ಶುರುಮಾಡಿತು. ಅಲ್ಲಿ 40 ದಾಟಿದ ಪ್ರತಿಯೊಬ್ಬರಿಗೂ ಎರಡು ವರ್ಷಕ್ಕೊಮ್ಮೆ ಪರೀಕ್ಷೆ. ತೊಂಬತ್ತರ ದಶಕದ ಮೊದಲ ಭಾಗದಲ್ಲಿ ಕೊರಿಯಾದ ರೋಗಿಗಳಲ್ಲಿ ಐದು ವರ್ಷ ಬದುಕುತ್ತಿದ್ದವರು ನೂರಕ್ಕೆ 45ರ ಒಳಗೆ, ಈಗ 75ಕ್ಕೂ ಮೇಲೆ. ಅಲ್ಲಿನ ದೊಡ್ಡ ಅಧ್ಯಯನವೊಂದರಲ್ಲಿ ಎಂಡೋಸ್ಕೋಪಿ ತಪಾಸಣೆ ಮಾಡಿಸಿಕೊಂಡವರಲ್ಲಿ ಈ ಕ್ಯಾನ್ಸರಿನ ಸಾವು ಸುಮಾರು ಅರ್ಧಕ್ಕೆ ಇಳಿದಿತ್ತು, ಬೇರಿಯಂ ಎಕ್ಸ್‌ರೇಯಿಂದ ಅಂಥ ಲಾಭವೇನೂ ಕಾಣಲಿಲ್ಲ.

ನಮ್ಮಲ್ಲೂ ಹಾಗೆ ಎಲ್ಲರಿಗೂ ಯಾಕೆ ಮಾಡಬಾರದು? ನನ್ನ ಉತ್ತರ ಸ್ಪಷ್ಟ: ಈಗ ಬೇಡ. ಒಟ್ಟು ಜನಸಂಖ್ಯೆಯಲ್ಲಿ ನಮ್ಮಲ್ಲಿ ರೋಗದ ಪ್ರಮಾಣ ಜಪಾನ್, ಕೊರಿಯಾಗಳಿಗಿಂತ ಎಷ್ಟೋ ಕಡಿಮೆ. ನಮ್ಮ ಸರಕಾರಿ ಕಾರ್ಯಕ್ರಮದಲ್ಲಿ ಬಾಯಿ, ಸ್ತನ, ಗರ್ಭಕೊರಳು ಈ ಮೂರು ಕ್ಯಾನ್ಸರುಗಳ ತಪಾಸಣೆ ಇದೆ, ಅದನ್ನೇ ಇನ್ನೂ ಎಲ್ಲರಿಗೂ ತಲುಪಿಸಲು ಆಗಿಲ್ಲ. ಆರೋಗ್ಯವಂತರೆಲ್ಲ ಎಂಡೋಸ್ಕೋಪಿಗೆ ಸಾಲು ನಿಂತರೆ ನಿಜವಾಗಿ ಬೇಕಾದವರಿಗೆ ಸರದಿ ಬರುವುದಿಲ್ಲ. ಪ್ಯಾಕೇಜಿನಲ್ಲಿ ಮಾರುವ ‘ಕ್ಯಾನ್ಸರ್ ಮಾರ್ಕರ್’ ರಕ್ತಪರೀಕ್ಷೆಗಳಿಗೂ ದುಡ್ಡು ಸುರಿಯಬೇಡಿ. ಆರಂಭದ ಜಠರ ಕ್ಯಾನ್ಸರನ್ನು ಅವು ಹಿಡಿಯುವುದಿಲ್ಲ. ನಮಗೆ ಬೇಕಾದದ್ದು, ಅಗತ್ಯ ಇರುವವರನ್ನು ಆರಿಸಿ ಹೊತ್ತಿಗೆ ಸರಿಯಾಗಿ ನೋಡುವುದು.

ಯಾರಿಗೆ ಅಗತ್ಯ? ಆಗಲೇ ಹೇಳಿದ ಅಪಾಯದ ಚಿಹ್ನೆ ಒಂದಿದ್ದರೂ ವಯಸ್ಸು ನೋಡದೆ ಎಂಡೋಸ್ಕೋಪಿ ಮಾಡಿಸಬೇಕು. ಚಿಹ್ನೆಗಳೇನೂ ಇಲ್ಲ, ಬರೀ ಅಜೀರ್ಣ, ಆದರೆ ಅದು ನಡುವಯಸ್ಸಿನ ನಂತರ ಹೊಸದಾಗಿ ಶುರುವಾಗಿದೆ ಎಂದಾದರೂ ನೋಡಬೇಕು. ಪಾಶ್ಚಾತ್ಯ ಮಾರ್ಗಸೂಚಿಗಳು ಇದಕ್ಕೆ 55, 60 ವರ್ಷದ ಗೆರೆ ಎಳೆಯುತ್ತವೆ. ನಮ್ಮಲ್ಲಿ ನಾನು 45 ಎನ್ನುತ್ತೇನೆ, ಇದು ನನ್ನ ಅಭಿಪ್ರಾಯ. ಹತ್ತಿರದ ರಕ್ತಸಂಬಂಧಿಗೆ ಈ ಕ್ಯಾನ್ಸರ್ ಆಗಿದ್ದವರು ತೊಂದರೆ ಇಲ್ಲದಿದ್ದರೂ ಪೈಲೋರಿ ಪರೀಕ್ಷೆ ಮಾಡಿಸಿ, ಎಂಡೋಸ್ಕೋಪಿ ಯಾವಾಗ ಎಂದು ವೈದ್ಯರನ್ನು ಕೇಳಬೇಕು. ಹಿಂದೆ ಅಲ್ಸರಿಗಾಗಿ ಜಠರದ ಭಾಗ ತೆಗೆಸಿಕೊಂಡವರು, ಹಳೆಯ ಬಯಾಪ್ಸಿಯಲ್ಲಿ ಪೊರೆ ಸವೆದಿದೆ, ಬದಲಾಗಿದೆ ಎಂದು ವರದಿ ಬಂದವರು ಕೂಡ ಕಾಲಕಾಲಕ್ಕೆ ನೋಡಿಸಿಕೊಳ್ಳಬೇಕು.

ಪೈಲೋರಿ ಪರೀಕ್ಷೆ ಸುಲಭ. ಒಂದು ದ್ರಾವಣ ಕುಡಿದು ಉಸಿರನ್ನು ಚೀಲಕ್ಕೆ ಊದುವ ಪರೀಕ್ಷೆ, ಅಥವಾ ಮಲದ ಪರೀಕ್ಷೆ. ಒಂದು ಎಚ್ಚರಿಕೆ: ಆಮ್ಲ ತಗ್ಗಿಸುವ ಮಾತ್ರೆಯನ್ನು ಎರಡು ವಾರ ಮೊದಲು, ಆಂಟಿಬಯಾಟಿಕ್‌ಗಳನ್ನು ನಾಲ್ಕು ವಾರ ಮೊದಲು ನಿಲ್ಲಿಸಿರಬೇಕು, ಇಲ್ಲದಿದ್ದರೆ ಸೋಂಕು ಇದ್ದರೂ ಇಲ್ಲವೆಂದು ಬರಬಹುದು. ಚಿಕಿತ್ಸೆ ಸಾಮಾನ್ಯವಾಗಿ 14 ದಿನ, ಮೂರು ನಾಲ್ಕು ಔಷಧಿಗಳು ಒಟ್ಟಿಗೆ. ಐದು ದಿನಕ್ಕೆ ಆರಾಮವಾಯಿತೆಂದು ನಿಲ್ಲಿಸಿದರೆ ಬ್ಯಾಕ್ಟೀರಿಯಾ ಔಷಧಿಗೆ ಬಗ್ಗದಂತಾಗುತ್ತದೆ. ಮುಗಿದ ಮೇಲೆ ಹೋಗಿದೆಯೋ ಇಲ್ಲವೋ ಎಂದು ಮತ್ತೊಮ್ಮೆ ಪರೀಕ್ಷಿಸಬೇಕು, ಇದನ್ನು ನಮ್ಮಲ್ಲಿ ಬಹಳ ಮಂದಿ ಮಾಡಿಸುವುದೇ ಇಲ್ಲ. ಈ ಚಿಕಿತ್ಸೆಯ ಫಲ ಎಷ್ಟೆಂದು ಕೊರಿಯಾದಲ್ಲಿ ನೋಡಿದ್ದಾರೆ. ಜಠರದ ಕ್ಯಾನ್ಸರ್ ಆದವರ ಹತ್ತಿರದ ಬಂಧುಗಳಲ್ಲಿ ಸೋಂಕಿದ್ದ ಸುಮಾರು 1700 ಮಂದಿಯನ್ನು ಎರಡು ಗುಂಪು ಮಾಡಿ ಒಂಬತ್ತು ವರ್ಷ ಗಮನಿಸಿದರು. ಬರಿಯ ತೋರಿಕೆಯ ಮಾತ್ರೆ ಪಡೆದ ಗುಂಪಿನಲ್ಲಿ 23 ಮಂದಿಗೆ, ನಿಜವಾದ ಔಷಧಿ ಪಡೆದ ಗುಂಪಿನಲ್ಲಿ 10 ಮಂದಿಗೆ ಕ್ಯಾನ್ಸರ್ ಬಂತು. 2020ರಲ್ಲಿ ಈ ಫಲಿತಾಂಶ ಪ್ರಕಟವಾಯಿತು.

ಎಂಡೋಸ್ಕೋಪಿಯ ಭಯವನ್ನು ಕಡೆಗಣಿಸಲಾರೆ. ‘ಬಾಯಲ್ಲಿ ಪೈಪ್ ಹಾಕ್ತಾರಂತೆ’ ಎಂದು ಕೇಳಿಯೇ ಹಿಂದೆ ಸರಿದವರನ್ನು ಕಂಡಿದ್ದೇನೆ. ಆ ನಳಿಗೆ ಕಿರುಬೆರಳಿನಷ್ಟು ದಪ್ಪ. ರಾತ್ರಿ ಊಟವಾದ ಮೇಲೆ ಏನೂ ತಿನ್ನದೆ ಬೆಳಗ್ಗೆ ಬರಬೇಕು. ಗಂಟಲು ಮರಗಟ್ಟಲು ಔಷಧಿ ಸಿಂಪಡಿಸುತ್ತಾರೆ, ಎಡ ಮಗ್ಗುಲಿಗೆ ಮಲಗಿಸುತ್ತಾರೆ, ಬೇಕೆಂದವರಿಗೆ ಮಂಪರು ಬರಿಸುತ್ತಾರೆ. ನಳಿಗೆ ಗಂಟಲು ದಾಟುವಾಗ ಓಕರಿಕೆ ಬರುತ್ತದೆ, ಆಮೇಲೆ ಮೂಗಿನಲ್ಲಿ ಉಸಿರಾಡುತ್ತಾ ಸುಮ್ಮನಿದ್ದರೆ ಐದು ಹತ್ತು ನಿಮಿಷದಲ್ಲಿ ಮುಗಿಯಿತು. ಅನುಮಾನದ ಜಾಗದಿಂದ ಆರೆಂಟು ಚೂರು ತೆಗೆಯುತ್ತಾರೆ, ನೋವಾಗುವುದಿಲ್ಲ. ಬಯಾಪ್ಸಿ ಮಾಡಿದರೆ ಕ್ಯಾನ್ಸರ್ ಹರಡುತ್ತದೆ ಎಂಬ ಮಾತು ಹಳ್ಳಿ ಪಟ್ಟಣಗಳೆರಡರಲ್ಲೂ ಇದೆ, ಅದು ನಿಜವಲ್ಲ. ಇನ್ನೊಂದು ಮಾತು ವೈದ್ಯಮಿತ್ರರಿಗೆ: ಪೊರೆಯ ಅಡಿಯಲ್ಲೇ ಹಬ್ಬುವ ಒಂದು ಬಗೆಯ ಕ್ಯಾನ್ಸರ್ ಇದೆ. ಎಳೆಯ ವಯಸ್ಸಿನವರಲ್ಲಿ, ಹೆಂಗಸರಲ್ಲಿ ಇದನ್ನು ಹೆಚ್ಚು ಕಾಣುತ್ತೇವೆ. ಮೇಲಿನಿಂದ ತೆಗೆದ ಚೂರಿನಲ್ಲಿ ಅದು ತಪ್ಪಿಸಿಕೊಳ್ಳಬಹುದು. ವರದಿ ಸರಿಯಿದ್ದರೂ ರೋಗಿ ಸೊರಗುತ್ತಲೇ ಇದ್ದರೆ ಮತ್ತೊಮ್ಮೆ ನೋಡಿ.

ಚಿಕಿತ್ಸೆಯ ಬಗ್ಗೆ ಕೊಂಚ. ಲೋಳೆಪೊರೆಯಲ್ಲೇ ಇರುವ ಸಣ್ಣ ಗೆಡ್ಡೆಯನ್ನು ಹೊಟ್ಟೆ ಕೊಯ್ಯದೆ ಎಂಡೋಸ್ಕೋಪಿನ ಮೂಲಕವೇ ಕೆತ್ತಿ ತೆಗೆಯಬಹುದು. ಅದಕ್ಕಿಂತ ಮುಂದುವರಿದಿದ್ದರೆ ಮೊದಲು ಕೆಲವು ಸುತ್ತು ಕೀಮೊಥೆರಪಿ, ನಂತರ ಜಠರದ ಭಾಗವನ್ನೋ ಇಡೀ ಜಠರವನ್ನೋ ಸುತ್ತಲಿನ ದುಗ್ಧಗ್ರಂಥಿಗಳ ಜೊತೆ ತೆಗೆಯುವುದು, ಮತ್ತೆ ಕೀಮೊಥೆರಪಿ. ಕ್ಯಾನ್ಸರಿಗಾಗಿ ಜಠರದ ಭಾಗ ತೆಗೆದು ರೋಗಿಯನ್ನು ಉಳಿಸಿದ ಮೊದಲ ಶಸ್ತ್ರವೈದ್ಯ ವಿಯೆನ್ನಾದ ಥಿಯೊಡರ್ ಬಿಲ್‌ರೋತ್, 1881ರ ಜನವರಿಯಲ್ಲಿ; ಆ ಹೆಂಗಸು ಬದುಕಿದ್ದು ಕೆಲವೇ ತಿಂಗಳು. ಇಂದು ಇಡೀ ಜಠರ ತೆಗೆಸಿಕೊಂಡವರೂ ವರ್ಷಗಟ್ಟಲೆ ಬದುಕುತ್ತಾರೆ, ಹೊಲದ ಕೆಲಸಕ್ಕೂ ಹೋಗುತ್ತಾರೆ. ‘ಹೊಟ್ಟೆಯನ್ನೇ ತೆಗೆದರೆ ಊಟ ಎಲ್ಲಿಗೆ ಹೋಗುತ್ತೆ?’ ಎಂದು ಮನೆಯವರು ಅಳುತ್ತಾ ಕೇಳುತ್ತಾರೆ. ಅನ್ನನಾಳವನ್ನು ಸಣ್ಣಕರುಳಿಗೆ ಜೋಡಿಸುತ್ತೇವೆ. ದಿನಕ್ಕೆ ಆರು ಸಲ ಸ್ವಲ್ಪ ಸ್ವಲ್ಪ ಉಣ್ಣಬೇಕು, ಚೆನ್ನಾಗಿ ಅಗಿಯಬೇಕು, ಬಿ12 ಇಂಜೆಕ್ಷನ್ ಜೀವನಪರ್ಯಂತ ಬೇಕು. ಕಷ್ಟವಿದೆ, ಬದುಕಿದೆ. ಖರ್ಚಿನ ಭಯದಿಂದ ಪರೀಕ್ಷೆಯನ್ನೇ ಮುಂದೂಡುವವರಿಗೆ ಒಂದು ಮಾತು: ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದೆ, ಕ್ಯಾನ್ಸರ್ ಅದರಲ್ಲಿ ಸೇರಿದೆ. ರೇಷನ್ ಕಾರ್ಡು, ಆಧಾರ್ ಹಿಡಿದು ಹತ್ತಿರದ ಸರಕಾರಿ ಆಸ್ಪತ್ರೆಗೆ ಹೋಗಿ ಕೇಳಿ.

ಈ ಸಭೆಯಲ್ಲಿ ಮೆಡಿಕಲ್ ಶಾಪ್ ನಡೆಸುವವರೂ ಇದ್ದೀರಿ ಎಂದು ಕೇಳಿದೆ. ನಿಮ್ಮಲ್ಲಿ ನನ್ನದೊಂದು ವಿನಂತಿ. ಒಬ್ಬರೇ ಗಿರಾಕಿ ತಿಂಗಳಲ್ಲಿ ಎರಡನೆಯ ಸಲ ಅದೇ ಗ್ಯಾಸ್ಟ್ರಿಕ್ ಮಾತ್ರೆ ಕೇಳಿದರೆ, ಮೈ ಇಳಿದಿದೆಯೇ, ಊಟ ಸೇರುತ್ತಿದೆಯೇ ಎಂದು ಒಂದು ಮಾತು ಕೇಳಿ. ಅವರನ್ನು ವೈದ್ಯರ ಬಳಿ ಕಳಿಸಿ. ಉಳಿದವರಲ್ಲಿ ನಾನು ಬೇಡುವುದು ಇಷ್ಟು: ಇವತ್ತು ಮನೆಗೆ ಹೋದ ಮೇಲೆ ನಿಮ್ಮ ಅಪ್ಪ, ಅಮ್ಮ, ಅತ್ತೆ, ಮಾವ ದಿನವೂ ಯಾವ ಮಾತ್ರೆ ನುಂಗುತ್ತಿದ್ದಾರೆ, ಎಷ್ಟು ದಿನದಿಂದ, ಯಾರು ಬರೆದುಕೊಟ್ಟರು ಎಂದು ವಿಚಾರಿಸಿ. ಹೊಟ್ಟೆಯ ಮಾತ್ರೆ ತಿಂಗಳುಗಳಿಂದ ನಡೆಯುತ್ತಿದ್ದು ಒಮ್ಮೆಯೂ ಎಂಡೋಸ್ಕೋಪಿ ಆಗಿಲ್ಲದಿದ್ದರೆ, ತೂಕ ನೋಡಿ, ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ, ಇದೇ ವಾರ ಅವರನ್ನು ವೈದ್ಯರ ಹತ್ತಿರ ಕರೆದುಕೊಂಡು ಹೋಗಿ.